ಯಾವ ಹೆಸರಿಗಾದರೂ ಹೂಂ ಎನ್ನುವವನು

"ನಿನ್ನ ಹೆಸರೇನಪಾ?"

ಮಹಾನಂದಾ ಸಿಸ್ಟರ್ ಹೀಗೆ ಕೇಳಿದ್ದು ಆರನೇ ನಂಬರಿನ ಮಂಚವನ್ನು. ಮಂಚದ ಮೇಲೆ ಯಾರೂ ಇರಲಿಲ್ಲ. ಸುತ್ತಿಟ್ಟ ಹಾಸಿಗೆ, ಅದರ ಮೇಲೊಂದು ಮಡಿಸಿದ ಕಂಬಳಿ, ತಲೆಯ ಕಡೆಗೆ ಯಾರಿಗೂ ಬೇಡವಾದ ಎರಡು ಡ್ರಿಪ್ ಸ್ಟ್ಯಾಂಡು. ಕೇಳಿ, ಉತ್ತರಕ್ಕೆ ಕಾಯುವವರ ಹಾಗೆ ತಲೆಯನ್ನು ತುಸು ವಾಲಿಸಿ, ಗರ್ಭಗುಡಿಯ ಪರದೆ ಸರಿಯುವುದನ್ನೇ ಕಾದು ನಿಂತವರಷ್ಟು ತಾಳ್ಮೆಯಿಂದ ನಿಂತರು. ಆಮೇಲೆ ಏನೂ ಆಗಿಲ್ಲವೆಂಬಂತೆ ಮದ್ದಿನ ಟ್ರಾಲಿಯನ್ನು ಏಳನೇ ಮಂಚದ ಕಡೆ ತಳ್ಳಿದರು.

ಹಿಂದೆ ಚಾರ್ಟು ಹಿಡಿದು ಬರುತ್ತಿದ್ದ ಶೈಲಜಾ ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಈ ಆಸ್ಪತ್ರೆಗೆ ನರ್ಸಾಗಿ ಸೇರಿ ಮೂರು ವಾರವಷ್ಟೆ. ಪೀಣ್ಯದ ಶೆಡ್ಡುಗಳ ಬೆನ್ನಿಗೆ, ಬಾಗಲಗುಂಟೆಗೆ ಹೋಗುವ ರಸ್ತೆಯಲ್ಲಿ, ಕೆಳಗೆ ಔಷಧಿ ಅಂಗಡಿ ಮೇಲೆ ಎರಡು ವಾರ್ಡು ಇರುವ ಸಣ್ಣ ಆಸ್ಪತ್ರೆ. ಮಷೀನಿಗೆ ಬೆರಳು ಕೊಟ್ಟವರು, ಜ್ವರ ಹಿಡಿದವರು, ಬಣ್ಣದ ಪುಡಿಯ ಹೊಗೆ ಕುಡಿದು ಕೆಮ್ಮುವವರು ಎಲ್ಲ ಬರುವುದು ಇಲ್ಲಿಗೇ. ಇಷ್ಟು ದಿನ ಹೆಂಗಸರ ವಾರ್ಡಿನಲ್ಲಿದ್ದ ಅವಳನ್ನು ಇವತ್ತು ಬೆಳಿಗ್ಗೆ ಮೊದಲ ಸಲ ಗಂಡಸರ ವಾರ್ಡಿಗೆ ಹಾಕಿದ್ದರು. ಆ ಒಂದೇ ದಿನದಲ್ಲಿ ಅವಳು ಮಾಡಬಾರದ್ದೊಂದನ್ನು ಮಾಡಿದ್ದಳು.

ಬೆಳಗಿನ ಎಂಟೂವರೆಗೆ ಐದನೇ ಮಂಚದ ಬಳಿ ನಿಂತು, ಮುಸುಕು ಹಾಕಿ ಮಲಗಿದ್ದವನನ್ನು ಮಲ್ಲಿಕ್ ಅಲ್ಲವೇ ಎಂದು ಕೇಳಿದ್ದಳು. ಹೌದೆಂಬ ಉತ್ತರ ಬಂದಿತ್ತು. ಮಲ್ಲಿಕ್‌ಗೆ ಬರೆದಿದ್ದ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟು, ನುಂಗಿದ್ದನ್ನು ಕಣ್ಣಾರೆ ನೋಡಿ, ಸಹಿ ಹಾಕಿದ್ದಳು. ಒಂದು ಗಂಟೆ ಕಳೆದು ಬಂದರೆ, ಮಲ್ಲಿಕ್ ಎಂದು ಎಲ್ಲರೂ ಕರೆಯುತ್ತಿದ್ದವನು ಏಳನೇ ಮಂಚದಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದ! ಫ್ಯಾನಿನ ಗಾಳಿ ಮೈಗೆ ಆಗದೆಂದು ಅವನೂ ಏಳನೇ ಮಂಚದ ರಾಜೇಂದ್ರನೂ ಹಿಂದಿನ ರಾತ್ರಿ ತಮ್ಮೊಳಗೇ ಜಾಗ ಬದಲಾಯಿಸಿಕೊಂಡಿದ್ದರಂತೆ. ಮಾತ್ರೆ ನುಂಗಿದವನು ಆ ರಾಜೇಂದ್ರ, ಲೇತ್ ಮಷೀನಿನವನು, ಸಕ್ಕರೆ ಕಾಯಿಲೆಯೇ ಇಲ್ಲದವನು. ಶೈಲಜಾ ಓಡಿಹೋಗಿ ಅವನಿಗೆ ಸಕ್ಕರೆ ಜಾಸ್ತಿ ಹಾಕಿದ ಟೀ ತಂದು ಕುಡಿಸಿದಳು, ಮಲ್ಲಿಕ್‌ಗೆ ಅವನ ಮಾತ್ರೆ ಕೊಟ್ಟಳು, ಬಾಯಿ ಮುಚ್ಚಿಕೊಂಡಳು. ಮಧ್ಯಾಹ್ನ ರಾಜೇಂದ್ರ ಬೆವೆತು ಒದ್ದೆಯಾದಾಗ ಡಾಕ್ಟರು ನಾಡಿ ನೋಡಿ, ನಾಳೆ ಎದೆಯ ಪರೀಕ್ಷೆ ಮಾಡಿಸೋಣ ಎಂದು ಬರೆದುಹೋದರು. ಅವನ ಹೆಂಡತಿ ವೇಣಿ ಬಾಗಿಲ ಹತ್ತಿರ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಗಲೂ ಶೈಲಜಾ ಹೇಳಲಿಲ್ಲ. ಹೇಳಿದರೆ ಮೂರು ವಾರದ ಕೆಲಸ ಮುಗಿದಂತೆಯೇ ಎಂದು ಅವಳ ಲೆಕ್ಕ.

ನಾಲ್ಕಕ್ಕೆ ಹಿಡಿದ ಮಳೆ ಆರಾದರೂ ಬಿಟ್ಟಿರಲಿಲ್ಲ. ಜಾಲಹಳ್ಳಿ ಕ್ರಾಸಿನಲ್ಲಿ ನೀರು ನಿಂತು ಬಸ್ಸುಗಳು ಅಲ್ಲಲ್ಲೇ ನಿಂತಿವೆಯೆಂದು, ರಾತ್ರಿ ಪಾಳಿಯವರು ಬರುವುದು ತಡವೆಂದು ಫೋನು ಬಂತು. ಕರೆಂಟು ಹೋಯಿತು, ಜನರೇಟರು ವಾರ್ಡಿಗೆ ಮಾತ್ರ. ಸಿಸ್ಟರುಗಳ ಕೋಣೆಯಲ್ಲಿ ಒಂದು ಚಾರ್ಜರ್ ದೀಪವಿಟ್ಟುಕೊಂಡು ಮಹಾನಂದಾ ಸಿಸ್ಟರ್, ಶೈಲಜಾ, ತರಬೇತಿಗೆ ಬಂದ ಇಬ್ಬರು ಹುಡುಗಿಯರು, ಆಯಾ ವೆಂಕಟಮ್ಮ ಮಂಡಕ್ಕಿ ಹಂಚಿಕೊಂಡು ಕೂತರು. ವಾರ್ಡಿನ ಬಾಗಿಲು ತೆರೆದೇ ಇತ್ತು; ಮಂಚಗಳ ಸಾಲು ಕಾಣುತ್ತಿತ್ತು.

ಹುಡುಗಿಯೊಬ್ಬಳು ತಡೆಯಲಾರದೆ ಕೇಳಿಯೇಬಿಟ್ಟಳು, ಸಿಸ್ಟರ್ ಖಾಲಿ ಮಂಚದ ಜೊತೆ ಮಾತಾಡುತ್ತಾರಲ್ಲ, ಯಾಕೆಂದು.

"ಅಯ್ಯೋ, ಇವರು ಅವನ ಎಸರು ಕೇಳೋಕೆ ಸುರು ಮಾಡಿ ಆರು ವರ್ಸ ಆಯ್ತು ಕಣಮ್ಮಣ್ಣಿ," ಎಂದಳು ವೆಂಕಟಮ್ಮ. ಚಿಕ್ಕಬಾಣಾವರದ ಹಳೇ ಊರಿನವಳು ಅವಳು, ಯಾರ ಎದುರಿಗೂ ಮಾತು ಕಡಿಮೆ ಮಾಡಿದವಳಲ್ಲ. "ನಮ್ಮೆಜಮಾನ ನನ್ನೆಸರು ಒಂದ್ಸಲಾನೂ ಕೇಳಿರ್ನಿಲ್ಲ. ತಾಳಿ ಕಟ್ಟೋವಾಗ್ಲೂ ಪಕ್ಕದೋರ್ನ ಕೇಳ್ದ."

ಹುಡುಗಿಯರು ನಕ್ಕರು. ಮಹಾನಂದಾ ನಗಲಿಲ್ಲ. ಈ ತಿಂಗಳ ಕೊನೆಗೆ ನಿವೃತ್ತಿಯಾಗಿ ಇಳಕಲ್ಲಿಗೆ ಹೊರಟವರು. ಮೂವತ್ತು ವರ್ಷ ಬೆಂಗಳೂರಿನಲ್ಲಿದ್ದರೂ ಹಣೆಯ ವಿಭೂತಿ, ಬಾಯಿಯ ಊರಮಾತು ಎರಡೂ ಮಾಸಿರಲಿಲ್ಲ. ಮಡಿಲಲ್ಲಿ ಕೈ ಮಡಿಸಿಕೊಂಡು, ದೀಪದ ಕಡೆ ನೋಡುತ್ತ ಶುರುಮಾಡಿದರು.

"ಹೇಳ್ತೀನಿ, ಕೇಳ್ರವ್ವಾ... ಕೇಳಿ ಮರಿಯೂ ಹಂಗಿದ್ರ ಈಗ ಎದ್ದು ಹೋಗ್ರಿ. ಆವತ್ತೂ ಇಂಥಾದ್ದ ಮಳಿ. ಒಬ್ಬನ್ನ ಇಬ್ಬರು ಹೆಗಲ ಕೊಟ್ಟು ಕರ್ಕೊಂಡು ಬಂದ್ರು, ಮೊಣಕಾಲ ಕೆಳಗ ತಗಡು ಕೊಯ್ದು ಕೀವಾಗಿತ್ತು. ಮೂವತ್ತರ ಒಳಗಿನ ಹುಡುಗ, ನಮ್ಮ ಕುಷ್ಟಗಿ ಕಡೆಯಾಂವ. ಅವನ್ನ ಕೆಲಸಕ್ಕ ಹಚ್ಚಿದ ಮೇಸ್ತ್ರಿ ಬಸಲಿಂಗ ಅಂತ, ಅಂವ ಮುಂದ ಹೋಗಿ ಕೌಂಟರಿನ್ಯಾಗ ಒಂದು ಕಂಪನಿ ಕಾರ್ಡು ಇಟ್ಟ, ಅದಿದ್ರ ದವಾಖಾನಿ ಖರ್ಚು ಕಂಪನಿದು. ಅದರಾಗ ಹೆಸರು ಸೋಮಪ್ಪ. ಆತಲ್ಲ, ಫೈಲಿನ್ಯಾಗ ಸೋಮಪ್ಪ, ಚಾರ್ಟಿನ್ಯಾಗ ಸೋಮಪ್ಪ, ಕೈಗೆ ಕಟ್ಟಿದ ಪಟ್ಟಿಯೊಳಗ ಸೋಮಪ್ಪ... ಎಲ್ಲಾ ಒಂದಕ್ಕೊಂದು ಹೊಂದಿತು. ಆದ್ರ ಖರೇ ಸೋಮಪ್ಪ ಆ ಹೊತ್ತಿನ್ಯಾಗ ಬಾಗಲಗುಂಟಿ ರೂಮಿನ್ಯಾಗ ರೊಟ್ಟಿ ತಿನ್ನಾಕ ಕುಂತಿದ್ದ! ಬಂದಾಂವ ಅವನ ರೂಮಿನ ಗೆಣಿಯಾ. ಕೆಲಸಕ್ಕ ಸೇರಿ ಇಪ್ಪತ್ತು ದಿನ, ಇನ್ನಾ ಅವನ ಹೆಸರಿನ ಕಾರ್ಡು ಬಂದಿರ್ಲಿಲ್ಲ. ಒಬ್ಬನ ಕಾರ್ಡಿನ ಮ್ಯಾಲ ಇನ್ನೊಬ್ಬನ್ನ ಮಲಗಿಸೂದು ಪೀಣ್ಯದಾಗ ಹೊಸಾದೇನು?"

"ಈಗ್ಲೂ ಮಲಗಿಸ್ತಾರೆ ಬುಡಿ," ಎಂದಳು ವೆಂಕಟಮ್ಮ.

"ನನಗೂ ಮೊದಲ ಗೊತ್ತಿರ್ಲಿಲ್ಲ. ಏನು ಕೇಳಿದ್ರೂ 'ಹೂನ್ರೀ ಅಕ್ಕಾರ' ಅಂತಿದ್ದ. ನೋವು ಐತೇನು, ಹೂನ್ರೀ ಅಕ್ಕಾರ. ನೋವು ಕಡಿಮಿ ಆತೇನು, ಹೂನ್ರೀ ಅಕ್ಕಾರ. ಬಿಳೇ ಬಟ್ಟಿ ಹಾಕ್ಕೊಂಡವರಿಗೆ ಇಲ್ಲ ಅಂದು ಗೊತ್ತಿಲ್ಲದ ಜನ ನಾವು, ಹೌದಲ್ಲೋ? ಎರಡನೇ ದಿನ ಸಂಜಿಮುಂದ ನನ್ನ ಮಾತಿನ ಮ್ಯಾಲ ಗುರುತು ಹಿಡಿದು, ಯಾವೂರು ಅಂತ ಕೇಳಿದ. ಇಳಕಲ್ಲು ಅಂದೆ. ಬಂದ ಮ್ಯಾಲ ಆವತ್ತ ಮೊದಲ ನಕ್ಕಿದ್ದು ಅಂವ. ನಕ್ಕಾಂವ ಕಣ್ಣಾಗ ನೀರು ತಂದು, 'ಅಕ್ಕಾರ, ನಿಮ್ಮ ಮುಂದ ಸುಳ್ಳು ನುಡಿಯಾಕ ಆಗವಲ್ದು. ನಾ ಸೋಮಪ್ಪ ಅಲ್ಲ. ನನ್ನ ಹೆಸರು ಯಮನೂರ' ಅಂದ."

ಮಹಾನಂದಾ ಚಾರ್ಜರ್ ದೀಪವನ್ನು ತುಸು ಆಚೆ ಸರಿಸಿದರು. ಹೊರಗೆ ತಗಡಿನ ಮೇಲೆ ಮಳೆ ಒಂದೇ ಸಮ ಬೀಳುತ್ತಿತ್ತು.

"ಈಗ ಕೇಳ್ರಿ ನಾ ಮಾಡಿದ್ದು. ನಾ ಆಗ ಎದ್ದು ಹೋಗಿ ಡಾಕ್ಟರಿಗೆ ಹೇಳಬೇಕಿತ್ತು. ಫೈಲಿನ ಮನಶಾ ಬ್ಯಾರೆ, ಮಂಚದ ಮನಶಾ ಬ್ಯಾರೆ ಅಂತ. ಹೇಳಿದ್ರ ಹೊರಗ ಹಾಕ್ತಾರ, ಕೀವಾದ ಕಾಲು ಎಳಕೊಂಡು ಮಳಿಯಾಗ ಎಲ್ಲಿ ಹೋಗ್ತಾನ, ನಮ್ಮೂರ ಕಡೆ ಹುಡುಗ... ಹಿಂಗ ಕರುಳು ಕರಗಿತು ನಂದು. ಹತ್ತಿರ ಬಾಗಿ, 'ಸುಮ್ಮ ಇರು. ಆ ಹೆಸರು ಮತ್ತ ಬಾಯಿಗೆ ತರಬ್ಯಾಡ. ಯಾರು ಕೇಳಿದ್ರೂ ನೀ ಸೋಮಪ್ಪ, ಯಾರು ಏನಂದ್ರೂ ಹೂಂ ಅನ್ನು' ಅಂದೆ. ಅಂವ ಹೂನ್ರೀ ಅಕ್ಕಾರ ಅಂದ. ನಾ ಪುಣ್ಯಾ ಮಾಡಿದೆ ಅಂದ್ಕೊಂಡು ಮನಿಗೆ ಹೋಗಿ ನಿದ್ದಿ ಮಾಡಿದೆ ನೋಡ್ರಿ!

"ಮರುದಿನ ಸಂಜಿ ಆರಕ್ಕ ಡಾಕ್ಟರು ಹೊಸಾ ಇಂಜೆಕ್ಷನ್ ಬರದ್ರು, ಪೆನ್ಸಿಲಿನ್ ಜಾತಿದು. ನಿಮಗ ಗೊತ್ತೈತಿ, ಅದನ್ನ ಕೊಡೂ ಮೊದಲ ಚರ್ಮದ ಕೆಳಗ ಒಂದು ಹನಿ ಹಾಕಿ ಟೆಸ್ಟ್ ಮಾಡ್ತೀವಿ, ಕೆಲವರ ಮೈಗೆ ಅದು ವಿಷ. ಆದ್ರ ಫೈಲು ತಗದು ನೋಡಿದ್ರ, ಎರಡು ತಿಂಗಳ ಹಿಂದ ಸೋಮಪ್ಪಗ ಇದ ಇಂಜೆಕ್ಷನ್ ಇದ ವಾರ್ಡಿನ್ಯಾಗ ಕೊಟ್ಟಿದ್ವಿ, ಏನೂ ಆಗಿರ್ಲಿಲ್ಲ. ಟೆಸ್ಟ್ ಬ್ಯಾಡ ಅಂತ ಬರದಿದ್ರು ಡಾಕ್ಟರು. ನಾ ಓದಿದೆ. ಓದಿದಾಗ ಒಂದು ಸಲ ಎದಿ ಝಲ್ ಅಂತು, ಇದು ಸೋಮಪ್ಪನ ಮೈ ಅಲ್ಲಲ್ಲ ಅಂತ... ಅಂತು. ಇಲ್ಲ ಅನ್ನೂದಿಲ್ಲ ನಾ. ಆದ್ರ ಡಾಕ್ಟರು ಪಕ್ಕದಾಗ ನಿಂತಾರ, ಬಸಲಿಂಗ ಕಾಲ ಕಡೆ ನಿಂತಾನ, ಇನ್ನಾ ಹದಿನಾಲ್ಕು ಮಂದಿಗೆ ಔಷಧ ಕೊಡೂದೈತಿ. ಇಷ್ಟು ಜನರ ಮುಂದ ಹೆಂಗ ಬಾಯಿ ಬಿಡ್ಲಿ? ಬಾಯಿ ಬಿಟ್ರ, ನಿನ್ನೆನ ಯಾಕ ಹೇಳ್ಲಿಲ್ಲ ಅಂತ ಕೇಳೂದಿಲ್ಲೇನು? ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು ಅಂತ ಐದು ಸರಿ ನೋಡಬೇಕು ಅಂತ ನಿಮಗೆಲ್ಲಾ ಬಾಯಿಪಾಠ ಮಾಡಿಸೀನಲ್ಲ... ನಾ ಐದೂ ನೋಡಿದೆ. ಕಾಗದದ ಮ್ಯಾಲ ಐದೂ ಸರಿ ಇತ್ತು.

"ಸೂಜಿ ಹಿಡ್ಕೊಂಡು, 'ಸೋಮಪ್ಪ ಅಲ್ಲೇನು?' ಅಂತ ಕೇಳಿದೆ. ಅಂವ ಸೂಜಿ ನೋಡಿದ, ನನ್ನ ಮಾರಿ ನೋಡಿದ, ಏನೋ ಹೇಳಾಕ ಬಂದಾಂವ ಕೈ ಸ್ವಲ್ಪ ಎತ್ತಿದ. ನಾ ಕಣ್ಣಿನ್ಯಾಗ ಸನ್ನಿ ಮಾಡಿದೆ, ಸುಮ್ಮ ಇರು ಅಂತ. ಎತ್ತಿದ ಕೈ ಕೆಳಗಿಟ್ಟ. 'ಹೂನ್ರೀ ಅಕ್ಕಾರ' ಅಂದ. ಕೊಟ್ಟೆ... ಎಂಟು ನಿಮಿಷ. ಮಾರಿ ಬಾತು, ಉಸಿರು ಕಟ್ಟಿ, ಏನೇನು ಕೊಡಬೇಕೋ ಎಲ್ಲಾ ಕೊಟ್ವಿ. ಎಂಟು ನಿಮಿಷದಾಗ ಹೋದ. ಆಮ್ಯಾಲ ಸೋಮಪ್ಪನ ಬಾಯಿಂದ ತಿಳೀತು, ಸಣ್ಣವನಿದ್ದಾಗ ತಾಲೂಕು ದವಾಖಾನ್ಯಾಗ ಒಂದು ಸೂಜಿ ಚುಚ್ಚಿದಾಗ ಹಿಂಗ ಬಾತಿದ್ನಂತ, ಜೀವ ಸ್ವಲ್ಪದಾಗ ಉಳಿದಿತ್ತಂತ. ಅದನ್ನ ಹೇಳಾಕ ಕೈ ಎತ್ತಿದ್ದ ಅಂವ."

ತರಬೇತಿಯ ಹುಡುಗಿ ಮಂಡಕ್ಕಿ ಹಿಡಿದ ಕೈಯನ್ನು ಬಾಯಿಗೆ ಒಯ್ಯದೆ ಹಾಗೇ ಇಟ್ಟುಕೊಂಡಿದ್ದಳು. ಶೈಲಜಾ ವಾರ್ಡಿನ ಕಡೆ ನೋಡಿದಳು. ಐದನೇ ಮಂಚದಲ್ಲಿ ರಾಜೇಂದ್ರ ಗೋಡೆಗೆ ಮುಖ ಮಾಡಿ ಮಲಗಿದ್ದ. ಮಧ್ಯಾಹ್ನದ ಊಟ ಮುಟ್ಟಿಲ್ಲವೆಂದು ವೆಂಕಟಮ್ಮ ಆಗಲೇ ಹೇಳಿದ್ದಳು. ಆರು ಗಂಟೆಯ ಸುತ್ತಿನಲ್ಲಿ ಹೆಸರು ಕೇಳಿದಾಗಲೂ ಎರಡು ಸಲ ಕೂಗಿಸಿಕೊಂಡೇ ಅವನು ಹೇಳಿದ್ದು.

"ಕಾಗದದಾಗ ಸತ್ತಾಂವ ಸೋಮಪ್ಪ," ಎಂದು ಮಹಾನಂದಾ ಮುಂದುವರಿಸಿದರು. "ನನ್ನ ಕೈಲೆ ನಾನ ಬರದೆ. ಬದುಕಿದ್ದ ಸೋಮಪ್ಪನ್ನ ಬಸಲಿಂಗ ಊರಿಗೆ ಅಟ್ಟಿದ. ಯಮನೂರನ ಹೆಣ ಗಾಡಿಯಾಗ ಹೋತು. ಎರಡು ತಿಂಗಳಾದ ಮ್ಯಾಲ ಒಂದು ದಿನ, ಸಂಜಿಮುಂದ, ಒಬ್ಬಾಕಿ ಮುದುಕಿ ಬಂದಳು. ಮರೆವ್ವ ಅಂತ, ಅವನ ತಾಯಿ. ಮಗ ಸತ್ತಿದ್ದಕ್ಕ ಕಾಗದ ಬೇಕು ಅಂತ ಬಂದಾಳ. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ, ಯಮನೂರ ಅನ್ನಾಂವ ಇಲ್ಲಿಗೆ ಬಂದ ಇಲ್ಲ, ಸತ್ತೂ ಇಲ್ಲ ಅಂದ. ಮುದುಕಿ ನನ್ನ ಕಡೆ ತಿರುಗಿ, 'ಯವ್ವಾ, ನೀವರ ಕಂಡಿದ್ರೇನು ನನ್ನ ಮಗನ್ನ?' ಅಂತ ಕೇಳಿದಳು.

"ಇಲ್ಲವ್ವಾ ಅಂದೆ ನಾ.

"ಆಕಿ ಕೈ ಮುಗಿದು ಹೋದಳು. ನನಗ! ನಾ ಮ್ಯಾಲ ಬಂದು ಟ್ರಾಲಿ ತಗೊಂಡೆ. ಯಮನೂರ ಸತ್ತಿದ್ದ ಆರನೇ ಮಂಚದಾಗ ಮುನಿಯಣ್ಣ ಅಂತ ಇಲ್ಲಿಯಾಂವ ಒಬ್ಬ ಅಜ್ಜ ಇರಬೇಕಿತ್ತು. 'ಮುನಿಯಣ್ಣ ಅಲ್ಲೇನು?' ಅಂದೆ. 'ಹೂನ್ರೀ ಅಕ್ಕಾರ'. ಸೂಜಿ ತೋಳಿಗೆ ಮುಟ್ಟಿತ್ತು, ಮಲಗಿದಾಂವ ಎದ್ದು ಕುಂತು, 'ನಾನೆಲ್ಲಿ ಹೂಂ ಅಂದೆ ಮೇಡಂ, ಮುನಿಯಣ್ಣನ್ನ ಆಗ್ಲೇ ಕೆಳಗೆ ಕಳಿಸಿದ್ರಲ್ಲ' ಅಂದ. ಮುನಿಯಣ್ಣನ್ನ ಎಕ್ಸ್‌ರೇಗೆ ಒಯ್ದಿದ್ರು. ಇಂವ ಯಾರೋ ಹೊಸಬ... ಮತ್ತ ಹೂಂ ಅಂದಾಂವ ಯಾರು? ಸೂಜಿ ಹಿಂದ ತಗದು ಸುತ್ತ ನೋಡಿದೆ. ಮರುದಿನ ಬ್ಯಾರೆ ಸಿಸ್ಟರಿಗೂ ಹಂಗ ಆತು, ಮತ್ತೊಂದು ವಾರಕ್ಕ ಇನ್ನೊಬ್ಬಾಕಿಗೆ. ಯಾವ ಹೆಸರು ಹಿಡಿದು ಕೇಳ್ರಿ, ಅದಕ್ಕ ಹೂಂ ಅಂತಾನ ಅಂವ. ತನ್ನ ಹೆಸರು ತಗೋಬ್ಯಾಡ, ಯಾರು ಏನಂದ್ರೂ ಹೂಂ ಅನ್ನು ಅಂತ ನಾನ ಕಲಿಸೀನಲ್ಲ. ಸತ್ತ ಮ್ಯಾಲೂ ನನ್ನ ಮಾತು ಮೀರವಲ್ಲ.

"ಅದಕ್ಕ ನಾ ಈ ವಾರ್ಡಿನ್ಯಾಗ ಪದ್ಧತಿ ಬದಲ ಮಾಡಿಸಿದೆ. ಹೆಸರು ನಾವು ಹೇಳಬಾರದು, ರೋಗಿ ಬಾಯಿಂದ ಬರಬೇಕು. ಗುಡಿಯಾಗ ಅರ್ಚನಿ ಮಾಡೂ ಪೂಜಾರಿ ಸುದ್ದಾ ಯಾರ ಹೆಸರಿನ್ಯಾಗ ಅಂತ ಕೇಳ್ತಾನ, ನೀ ಇಂಥಾಂವ ಅಲ್ಲೇನು ಅಂತ ಕೇಳ್ತಾನೇನು? ಹೆಸರು ಹೇಳಪಾ ಅಂದ್ರ ಆರನೇ ಮಂಚ ಸುಮ್ಮ ಇರ್ತೈತಿ. ಆರು ವರ್ಷ ಒಂದೂ ಔಷಧ ತಪ್ಪಿಲ್ಲ ಇಲ್ಲಿ. ಎಲ್ಲಾರೂ ಹೊಗಳ್ತಾರ ನನ್ನ, ಹಾರ ಹಾಕ್ಯಾರ, ಬ್ಯಾರೆ ಆಸ್ಪತ್ರಿಯವರು ಬಂದು ನೋಡಿ ಬರಕೊಂಡು ಹೋಗ್ಯಾರ..."

ಅವನ ಹೆಸರು ನಿಮಗೇ ಗೊತ್ತಲ್ಲ ಸಿಸ್ಟರ್, ಒಂದು ಸಲ ಬಾಯಿ ತುಂಬ ಕರೆದರೆ ಹೋಗುತ್ತಾನೇನೋ ಎಂದಳು ತರಬೇತಿಯ ಹುಡುಗಿ.

"ಕರದೇನವ್ವಾ. 'ನೀ ಯಮನೂರ ಅಲ್ಲೇನು' ಅಂತ ಕರದೆ. ಹೂನ್ರೀ ಅಕ್ಕಾರ ಅಂದ. ಮುನಿಯಣ್ಣಗೂ ಹಂಗ ಅಂದಾಂವ ಅಂವ. ಇದು ಖರೇನೋ, ನನ್ನ ಮಾತು ಕೇಳಿ ಅಂದದ್ದೋ, ನನಗ ಹೆಂಗ ತಿಳೀಬೇಕು?... ಅದಕ್ಕ ದಿನಾ ಆರಕ್ಕ ಕೇಳ್ತೀನಿ. ಒಂದು ದಿನ ತಾನ ಹೇಳಲಿ ಅಂತ. ನೀವು ನಂಬಬ್ಯಾಡ್ರಿ, ನಕ್ಕು ಬಿಡ್ರಿ. ಆದ್ರ ಇವತ್ತು ಯಾರರ ಅವಸರದಾಗ, ನೀ ಇಂಥಾಂವ ಅಲ್ಲೇನು ಅಂತ ಕೇಳಿ ಔಷಧ ಕೊಟ್ಟಿದ್ರ... ಹೂಂ ಅಂದ ದನಿ ಯಾವ ಮಂಚದಿಂದ ಬಂತು ಅನ್ನೂದನ್ನ ಒಂದು ಸಲ ನೆನಪು ಮಾಡ್ಕೋರಿ."

ಶೈಲಜಾಗೆ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಬೆಳಿಗ್ಗೆಯಿಂದ ಆ ದನಿ ಅವಳ ಕಿವಿಯಲ್ಲೇ ಇತ್ತು, ಅದನ್ನು ಕೇಳಿಸಿಕೊಳ್ಳಲು ಅವಳು ಒಪ್ಪಿರಲಿಲ್ಲ ಅಷ್ಟೆ. ರಾಜೇಂದ್ರ ಇದೇ ಬಾಗಲಗುಂಟೆಯವನು. ಅವಳನ್ನು ಅವನು ಕರೆಯುವುದು ಮೇಡಂ ಎಂದು. ಮುಸುಕಿನ ಒಳಗಿಂದ ಬಂತೆಂದು ಅವಳು ತಿಳಿದಿದ್ದ ಮಾತು ಬೇರೆಯೇ ಇತ್ತು. ಅದು ಬಂದದ್ದು ಅವಳ ಬೆನ್ನ ಹಿಂದಿನಿಂದ, ವಿನಯದಿಂದ, ತಡವಿಲ್ಲದೆ.

ಹೂನ್ರೀ ಅಕ್ಕಾರ.

"ಸಿಸ್ಟರ್," ಎಂದು ಅವಳು ಎದ್ದು ನಿಂತಳು. "ರಾಜೇಂದ್ರಂಗೆ ಮಲ್ಲಿಕ್‌ದು ಶುಗರ್ ಮಾತ್ರೆ ಕೊಟ್ಬಿಟ್ಟಿದೀನಿ. ಬೆಳಿಗ್ಗೆ. ನಾನೇ. ಯಾರಿಗೂ ಹೇಳಿಲ್ಲ."

ಮಹಾನಂದಾ ಬೈಯಲಿಲ್ಲ. ಅರವತ್ತರ ಆ ಹೆಂಗಸು ಎದ್ದ ವೇಗಕ್ಕೆ ಮಂಡಕ್ಕಿಯ ತಟ್ಟೆ ಉರುಳಿಬಿತ್ತು. ಹುಡುಗಿಯರು ಹಿಂದೆ ಓಡಿದರು. ಬೆರಳು ಚುಚ್ಚಿ ನೋಡಿದರೆ ರಾಜೇಂದ್ರನ ರಕ್ತದಲ್ಲಿ ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ನಲವತ್ತೆಂಟಕ್ಕೆ ಇಳಿದಿತ್ತು. ಆ ಮಾತ್ರೆಯ ಕೆಲಸ ಒಂದು ಲೋಟ ಟೀಗೆ ಮುಗಿಯುವಂಥದ್ದಲ್ಲ, ಇಡೀ ದಿನ ಒಳಗೊಳಗೇ ಎಳೆಯುತ್ತಿತ್ತು. ಇನ್ನೆರಡು ಗಂಟೆ ಹೀಗೇ ಬಿಟ್ಟಿದ್ದರೂ ಅವನು ನಿದ್ದೆ ಮಾಡುತ್ತಿದ್ದಾನೆಂದುಕೊಂಡೇ ಎಲ್ಲರೂ ಓಡಾಡುತ್ತಿದ್ದರು. ರಕ್ತನಾಳಕ್ಕೆ ಗ್ಲೂಕೋಸು ಇಳಿಯಿತು. ಡಾಕ್ಟರಿಗೆ ಫೋನು ಹೋಯಿತು. ವೆಂಕಟಮ್ಮ ಅವನ ಪಾದ ಉಜ್ಜುತ್ತ ತನಗೆ ಗೊತ್ತಿದ್ದ ದೇವರನ್ನೆಲ್ಲ ಸಾಲಾಗಿ ಕರೆದಳು. ಅರ್ಧ ಗಂಟೆಗೆ ರಾಜೇಂದ್ರ ಕಣ್ಣುಬಿಟ್ಟು, ಹೊಟ್ಟೆ ಹಸೀತಿದೆ ಮೇಡಂ ಎಂದ.

ತಪ್ಪು ನಡೆದಾಗ ತುಂಬುವ ಹಾಳೆ ಕಪಾಟಿನಲ್ಲಿತ್ತು. ಶೈಲಜಾ ಚಾರ್ಜರ್ ದೀಪದ ಕೆಳಗೆ ಕೂತು, ಕೊಟ್ಟ ಹೊತ್ತು, ಕೊಟ್ಟ ಮಾತ್ರೆ, ಕೇಳಿದ ರೀತಿ, ಮುಚ್ಚಿಟ್ಟ ಹತ್ತು ಗಂಟೆ, ಎಲ್ಲ ಬರೆದಳು. ಕೊಟ್ಟವರ ಹೆಸರು ಎಂಬಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.

ಉಳಿದವರು ವಾರ್ಡಿನಲ್ಲಿದ್ದರು. ಮಹಾನಂದಾ ಒಬ್ಬರೇ ಬಂದು ಎದುರು ಕೂತು, ಆ ಹಾಳೆಯನ್ನು ಓದಿ ಮೇಜಿನ ಮೇಲಿಟ್ಟರು.

"ನನ್ನ ಕೈಲೆ ಆಗದ್ದು ನಿನ್ನ ಕೈಲೆ ಆತು ತಂಗಿ," ಎಂದರು. "ನಾ ಹೊಂಟ ಮ್ಯಾಲ ಅವನ್ನ ನೀನ ನೋಡ್ಕೋ. ದಿನಾ ಆರಕ್ಕ ಹೆಸರು ಕೇಳು, ಅಷ್ಟ. ಮತ್ತೇನೂ ಬ್ಯಾಡ."

ಅವರ ಕಣ್ಣಿನಲ್ಲಿ ಇಷ್ಟೊಂದು ಬೇಡಿಕೆಯನ್ನು ಶೈಲಜಾ ಯಾವ ರೋಗಿಯಲ್ಲೂ ನೋಡಿರಲಿಲ್ಲ. ಒಂದು ಕ್ಷಣ ಆಗಲಿ ಎನ್ನಬೇಕೆನಿಸಿತು. ಆದರೆ ಆರು ವರ್ಷದಿಂದ ಕೆಳಗಿನ ರೆಕಾರ್ಡು ಕೋಣೆಯಲ್ಲಿ ಸೋಮಪ್ಪನೆಂಬ ಹೆಸರು ಹೊತ್ತು ಕೂತಿರುವ ಫೈಲು, ಆ ಹೆಸರು ಬರೆದ ಕೈ, ಮಗನಿಗೊಂದು ಕಾಗದ ಕೇಳಿ ಕೈಮುಗಿದು ಹೋದ ಮರೆವ್ವ, ಎಲ್ಲ ಆ ಮೇಜಿನ ಮೇಲೆಯೇ ಇದ್ದಂತಿತ್ತು. ಹೆಸರು ಹೇಳಬೇಕಾದವನು ಸತ್ತವನೇ ಏನು? ಅವಳು ಕಪಾಟಿನಿಂದ ಇನ್ನೊಂದು ಖಾಲಿ ಹಾಳೆ ತೆಗೆದು ಮಹಾನಂದಾ ಅವರ ಮುಂದೆ ಇಟ್ಟು, ಅದರ ಮೇಲೆ ಪೆನ್ನಿಟ್ಟಳು.

ಮಹಾನಂದಾ ಹಾಳೆಯನ್ನು ಮುಟ್ಟಲಿಲ್ಲ.

"ಇಪ್ಪತ್ತು ದಿನ ಉಳದೈತಿ ನಂದು. ಈಗ ಬರದ್ರ ಮೂವತ್ತು ವರ್ಷ ಮಣ್ಣಾಗ್ತೈತಿ. ನೀ ಬರೇ ಕೇಳ್ಕೋತ ಇರು, ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ಒಂದು ಸಲ ಹೂಂ ಅನ್ನು."

ತೆರೆದ ಬಾಗಿಲಿನ ಆಚೆ, ಐದಕ್ಕೂ ಏಳಕ್ಕೂ ನಡುವಿನಿಂದ, ಹೇಳಿದ ಮಾತು ಎಂದೂ ಮೀರದ ಆ ದನಿ ಮೆಲ್ಲಗೆ ಹೇಳಿತು: "ಹೂನ್ರೀ ಅಕ್ಕಾರ."

ಇಬ್ಬರಿಗೂ ಕೇಳಿಸಿತು.

"ನಾನು ಅನ್ನಲ್ಲ ಸಿಸ್ಟರ್," ಎಂದಳು ಶೈಲಜಾ.